ಒಳಗ ಯಾರರ ಅದೀರೇನು?

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನ ಎದುರಿಗೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ, ಅಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದನ್ನು ಕಲಿಸುತ್ತಿದ್ದ ಸರ್ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟು, ಖಾಲಿ ಕೋಣೆಯ ಕಡೆ ಮುಖ ಮಾಡಿ, "ಒಳಗ ಯಾರರ ಅದೀರೇನು?" ಎಂದು ಕೂಗುತ್ತಿದ್ದರು. ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ಹುಡುಗರೆಲ್ಲ ಮೆಟ್ಟಿಲು ಇಳಿದು ಹೋದದ್ದನ್ನು ಕಣ್ಣಾರೆ ಕಂಡಿದ್ದರೂ ಅಷ್ಟೇ. ಉತ್ತರ ಬರದಿದ್ದರೆ ಒಳಗೆ ಹೋಗಿ ಒಂದೊಂದು ಟೇಬಲ್ಲಿನ ಕೆಳಗೂ ಬಗ್ಗಿ ನೋಡಿ ಬರಬೇಕು. ಆಮೇಲೆಯೇ ಸ್ವಿಚ್ಚು ಆರುವುದು.

ನನಗೆ ಮನೆಗೆ ಹೋಗುವ ಅವಸರ. "ಸರ, ಟೇಬಲ್ ಬುಡಕ ಯಾರ್ ಇರ್ತಾರ್ರಿ? ಬೆಕ್ಕು?" ಎಂದು ಒಮ್ಮೆ ರೇಗಿಸಿದೆ.

"ಬೆಕ್ಕಿದ್ರೂ ಅದಕ್ಕ ಹೇಳಿ ಆರಸಬೇಕಲ್ರಿ ಬಾಯಾರ," ಎಂದರು.

ನಮ್ಮ ಕಡೆ ಕಲಿಸುವ ಹೆಂಗಸರನ್ನು ಬಾಯಾರು ಎನ್ನುವುದು ವಾಡಿಕೆ. ನಾನು ಅಲ್ಲಿ ಟೈಪಿಂಗು, ಟ್ಯಾಲಿ ಕಲಿಸುತ್ತಿದ್ದೆ. ಅವರು ಚಿತ್ರದ ವಿಭಾಗದವರು, ನನಗಿಂತ ಬಹಳ ದೊಡ್ಡವರು. ತೊಂಬತ್ತರ ದಶಕದಲ್ಲಿ ಮುದ್ದೇಬಿಹಾಳದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದು ಕುಂಚದ ಕೆಲಸ ನಿಂತ ಮೇಲೆ ಕಂಪ್ಯೂಟರ್ ಕಲಿತು ಇಲ್ಲಿಗೆ ಬಂದರು. ಕುಂಚ ಬಿಟ್ಟು ವರ್ಷಗಳಾಗಿದ್ದರೂ ಹೆಬ್ಬೆರಳಿನ ಉಗುರಿನ ಕೆಳಗೆ ಒಂದಿಷ್ಟು ನೀಲಿ ಬಣ್ಣ ಉಳಿದೇ ಇತ್ತು. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಒಂದು ಸಣ್ಣ ಬ್ಯಾಟರಿ ಟಾರ್ಚು ಇರುತ್ತಿತ್ತು. ಹಾಡಹಗಲೇ ಅದನ್ನು ತೆಗೆದು ಹಚ್ಚಿ ಗೋಡೆಯ ಮೂಲೆಗೆ, ಬಾಗಿಲ ಸಂದಿಗೆ, ಚಹಾದ ಲೋಟದ ತಳಕ್ಕೆ ಬೆಳಕು ಬಿಟ್ಟು ನೋಡುವ ಚಟ. ಗೊಬ್ಬರದ ಅಂಗಡಿಯವರ ಪ್ರಕಾರ ಅವರಿಗೆ ತಲೆ ಸ್ವಲ್ಪ ಸರಿ ಇರಲಿಲ್ಲ.

ಆ ದಿನಗಳಲ್ಲಿ ಸೆಂಟರನ್ನು ಸಾಕಿದ್ದು ನನ್ನ ಟ್ಯಾಲಿಯೂ ಅಲ್ಲ, ಅವರ ಚಿತ್ರವೂ ಅಲ್ಲ. ಗುಂಡು ಹಾರಿಸುವ ಒಂದು ಆಟ. ಮಧ್ಯಾಹ್ನ ಕಾಲೇಜು ಬಿಟ್ಟ ಹುಡುಗರು ಬಂದು, ವೈರಿನಿಂದ ಜೋಡಿಸಿದ ಕಂಪ್ಯೂಟರುಗಳ ಮುಂದೆ ಕೂತು, ಒಬ್ಬರನ್ನೊಬ್ಬರು ಕೊಂದು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಕಾಳಗ ನಡೆಯುವ ಜಾಗಕ್ಕೆ ಮ್ಯಾಪ್ ಎನ್ನುತ್ತಿದ್ದರು. ಯಾವುದೋ ಪರದೇಶದ ಗೋದಾಮು, ಯಾವುದೋ ಮರಳುಗಾಡಿನ ಕೋಟೆ. ಮ್ಯಾಪನ್ನು ನಾವೇ ಕಟ್ಟಿಕೊಳ್ಳುವ ಸಾಧನವೂ ಆ ಸೀಡಿಯಲ್ಲೇ ಇತ್ತು. ಗೋಡೆ ಎಬ್ಬಿಸಬೇಕು, ಸಾಮಾನು ಇಡಬೇಕು, ದೀಪ ಇಡಬೇಕು. ಆಮೇಲೆ ಯಾವ ದೀಪದ ಬೆಳಕು ಯಾವ ಗೋಡೆಗೆ ಎಷ್ಟು ಬೀಳುತ್ತದೆ ಎಂದು ಕಂಪ್ಯೂಟರು ಕೂತು ಲೆಕ್ಕ ಹಾಕುತ್ತದೆ. ನಮ್ಮ ಮಷೀನುಗಳು ಎಷ್ಟು ಮಂದ ಇದ್ದವೆಂದರೆ ಊಟದ ಹೊತ್ತಿಗೆ ಹಚ್ಚಿದ ಲೆಕ್ಕ ಸಂಜೆಗೆ ಮುಗಿಯುತ್ತಿತ್ತು.

ಹುಡುಗರು ತಮ್ಮ ಊರಿನ ಬಜಾರಿನ ಮ್ಯಾಪ್ ಕಟ್ಟಲು ಹೊರಟರು. ಕಟ್ಟಿ, ಚಂದ ಕಾಣಲಿ ಎಂದು ಕಂಡಲ್ಲೆಲ್ಲ ಕಟ್ಟಿಗೆಯ ಪೆಟ್ಟಿಗೆ ತುಂಬಿದರು. ಸರ್ ಬಂದು ಹಿಂದೆ ನಿಂತರು.

"ಈ ಪೆಟಗಿ ಯಾರ್ ತಂದಿಟ್ರು?"

"ಯಾರೂ ಇಲ್ರಿ ಸರ. ಸುಮ್ನ ಇಟ್ಟೇವ್ರಿ."

"ಯಾರೂ ತರದ ಪೆಟಗಿ ಎಲ್ಲಿಂದ ಬಂತು? ಇಟ್ಟಾಂವ ಒಬ್ಬ ಇರಬೇಕಲ್ಲ. ಎದಕ್ಕ ಇಟ್ಟ, ಯಾವಾಗ ಒಯ್ತಾನ, ಅದನ್ನ ಹೇಳು."

ಪೆಟ್ಟಿಗೆಗಳೆಲ್ಲ ಹೋದವು. ಅವುಗಳ ಜಾಗದಲ್ಲಿ ಸರ್ ಇಟ್ಟದ್ದು ನನಗೆ ಇವತ್ತಿಗೂ ನೆನಪಿದೆ. ಕಟಿಂಗ್ ಅಂಗಡಿಯ ಬೆಂಚಿನ ಹಿಂದಿನ ಗೋಡೆಗೆ ಸಾಲಾಗಿ ಎಣ್ಣೆಯ ಕಲೆ, ಕಾಯುತ್ತ ಕೂತವರು ತಲೆ ಆನಿಸಿದ್ದು. ಕಿರಾಣಿ ಅಂಗಡಿಯ ಮೆಟ್ಟಿಲಿನ ಒಂದೇ ಕಡೆ ಸವೆತ. ಗೋಡೆಯಲ್ಲೊಂದು ಮೊಳೆ, ಮೊಳೆಯ ಕೆಳಗೆ ಚೀಲ ತೂಗಿ ತೂಗಿ ಆದ ಗೆರೆ. ಮ್ಯಾಪಿನಲ್ಲಿ ಒಬ್ಬನೂ ಮನುಷ್ಯನಿಲ್ಲ. ಆದರೂ ಎಲ್ಲರೂ ಈಗಷ್ಟೇ ಎದ್ದು ಹೋದ ಹಾಗಿತ್ತು. ನನಗೆ ಅದನ್ನು ನೋಡಿದರೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಗುತ್ತಿತ್ತು.

ಬೆಳಕಿನ ವಿಷಯದಲ್ಲಂತೂ ಅವರು ಬಹಳ ಕಟ್ಟುನಿಟ್ಟು. ಆ ಸಾಧನದಲ್ಲಿ ದೀಪವೇ ಇಲ್ಲದೆ ಗಾಳಿಯಲ್ಲೂ ಬೆಳಕು ಇಡಬಹುದಿತ್ತು. ಹುಡುಗರು ಹಾಗೆ ಇಟ್ಟರೆ, "ಬುಡ್ಡಿ ಇಲ್ದ ಬೆಳಕು ಯಾರ ಮನೀದು?" ಎಂದು ಕೇಳುತ್ತಿದ್ದರು. ದೀಪ ಇಟ್ಟು ಅಷ್ಟಕ್ಕೇ ಬಿಟ್ಟರೆ, "ದೀಪ ಇಟ್ರ ಮಸಿನೂ ಇಡಬೇಕು. ದಿನಾ ಹಚ್ಚೂದಿಲ್ಲೇನು?"

ನಮ್ಮ ಮಾಲಕರಿಗೆ ಸಿಂದಗಿಯಲ್ಲೂ ಇಂಡಿಯಲ್ಲೂ ಇಂಥದೇ ಸೆಂಟರುಗಳಿದ್ದವು. ಮ್ಯಾಪಿನ ಸೀಡಿಯನ್ನು ಕಂಡಕ್ಟರ್ ಕೈಯಲ್ಲಿ ಕೊಟ್ಟರೆ ಬುತ್ತಿಯ ಜೊತೆ ಅದೂ ಹೋಗುತ್ತಿತ್ತು. ಒಂದು ದಿನ ಇಂಡಿಯಿಂದ ಒಬ್ಬ ಹುಡುಗನ ಫೋನ್ ಬಂತು.

"ಸರ, ನಿಮ್ಮ ಬಾಗೇವಾಡ್ಯಾಗ ಕರೆಂಟ್ ತಗದಾರೇನ್ರಿ? ಬಜಾರದಾಗ ಏನೂ ಕಾಣವಲ್ದು."

ಅವರು ನಕ್ಕರು. ಮರುದಿನ ಬಜಾರಿನ ಕೊನೆಗೆ ಒಂದು ಚಹಾದಂಗಡಿ ಕಟ್ಟಿ, ಅದರಲ್ಲಿ ಹಳದಿ ಬಲ್ಬು ಇಟ್ಟರು. ಉಳಿದ ಕತ್ತಲೆಗೆ ಕೈ ಹಚ್ಚಲಿಲ್ಲ. ಆಮೇಲೆ ಇಂಡಿಯ ಹುಡುಗರ ತಕರಾರು ಬರಲಿಲ್ಲ. ಎಲ್ಲರೂ ತಾವಾಗಿಯೇ ಚಹಾದಂಗಡಿಯ ಕಡೆ ಓಡಿ, ಅಲ್ಲಿ ಗುಂಡು ತಿಂದು ಸಾಯುತ್ತಿದ್ದರು. "ಮನಷ್ಯಾ ಬೆಳಕಿನ ಕಡೆ ಹೋಗ್ತಾನ್ರಿ ಬಾಯಾರ. ಎಲ್ಲಾ ಕಡೆ ಬೆಳಕಿಟ್ರ ಎತ್ತ ಹೋಗಬೇಕು ಪಾಪ?" ಎಂದರು.

ಒಮ್ಮೆ ನನ್ನನ್ನೂ ಹುಡುಗರನ್ನೂ ಕೆಳಗೆ ಕರೆದುಕೊಂಡು ಹೋಗಿ, ಸುಣ್ಣ ಹಚ್ಚಿದ ಗೋಡೆಯ ಮೇಲೆ ಬಿದ್ದ ಬೇವಿನ ಗಿಡದ ನೆರಳು ತೋರಿಸಿ, ಅದರ ಬಣ್ಣ ಯಾವುದು ಎಂದು ಕೇಳಿದರು. ಕಪ್ಪು ಎಂದೆ. "ಇನ್ನೊಮ್ಮೆ ನೋಡ್ರಿ," ಎಂದರು. ಬಿಸಿಲಿನಲ್ಲಿ ನಿಂತು ನನಗೆ ತಲೆ ಸಿಡಿಯುತ್ತಿತ್ತು. ಆದರೆ ನೋಡುತ್ತ ನೋಡುತ್ತ ನೆರಳು ನಿಜವಾಗಿಯೂ ನೀಲಿಯಾಯಿತು, ಅವರ ಉಗುರಿನ ಕೆಳಗಿನದೇ ನೀಲಿ. ಅಂದಿನಿಂದ ನನಗೆ ನೆರಳು ಕಪ್ಪಾಗಿ ಕಂಡಿಲ್ಲ. ಈ ಉಪಕಾರಕ್ಕೆ ಅವರನ್ನು ಹೊಗಳಬೇಕೋ ಬೈಯಬೇಕೋ ತಿಳಿಯದು.

ಮತ್ತೊಮ್ಮೆ ಚಹಾ ಕುಡಿದು ಬರುವಾಗ ಅವರು ಓಣಿಯಲ್ಲಿ ಯಾರದೋ ಮನೆಯ ತೆರೆದ ಬಾಗಿಲ ಮುಂದೆ ನಿಂತುಬಿಟ್ಟರು. ಒಳಗಿನಿಂದ ಒಬ್ಬ ಹೆಂಗಸು ಬಂದು, "ಯಾರ್ ಬೇಕಾಗಿತ್ತೋ ನಿನಗ?" ಎಂದು ಜೋರು ಮಾಡಿದಳು.

"ಯಾರೂ ಬ್ಯಾಡ್ರಿ ಯವ್ವಾ. ನಿಮ್ಮ ಅಡಗಿ ಮನಿ ಕತ್ತಲಿ ಭಾಳ ಚಂದ ಐತ್ರಿ."

ಆಕೆ ಕಸಬರಿಗೆ ಎತ್ತಿಕೊಂಡಳು. ನಾನು ಅವರ ತೋಳು ಹಿಡಿದು ಎಳೆದುಕೊಂಡು ಬಂದೆ. ದಾರಿಯುದ್ದಕ್ಕೂ ನನಗೆ ನಗು. ಅವರು ಮಾತ್ರ ನಗಲಿಲ್ಲ. "ಅಂಥಾ ಕತ್ತಲಿ ನನಗ ಮಾಡಾಕ ಬರವಲ್ದು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಯಾವ ಕತ್ತಲೆ ಎಂದು ಆಮೇಲೆ ತಿಳಿಯಿತು. ಮೂಲೆಯ ಒಂದು ಮಷೀನಿನಲ್ಲಿ ಅವರು ಬೇರೊಂದು ಮ್ಯಾಪ್ ಕಟ್ಟುತ್ತಿದ್ದರು. ಅದೊಂದು ಹಳೆಯ ಮಣ್ಣಿನ ಮಾಳಿಗೆಯ ಮನೆ, ತೊಲೆಗಳ ಮೇಲೆ ಮಣ್ಣು ಹೊದಿಸಿದ ಚಾವಣಿಯದು. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಆಚೆ ಅಡುಗೆ ಮನೆ. ಕಂಬಕ್ಕೆ ಹಗ್ಗ ಉಜ್ಜಿದ ಗುರುತು, ಗೋಡೆಯ ಗೂಡಿನ ಮೇಲೆ ಚಿಮಣಿ ದೀಪದ ಮಸಿ, ಗೂಟಕ್ಕೆ ಕಂಬಳಿ. ಹುಡುಗರು, "ಸರ, ಇದರಾಗ ಒಂದ್ ಆಟ ಆಡೂಣ್ರಿ," ಎಂದಾಗ ಅವರಿಗೆ ಸಿಟ್ಟು ಬಂದದ್ದನ್ನು ಕಂಡೆ. "ಆ ಮನ್ಯಾಗ ಯಾರೂ ಗುಂಡ ಹೊಡಿಯಂಗಿಲ್ಲ," ಎಂದರು.

ಅದು ಅವರದೇ ಮನೆ. ಅವರ ಊರು ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಊರಿಗೆ ಊರೇ ನೀರಾಯಿತು. ತಾಯಿ ಈಗ ನಿಡಗುಂದಿಯ ಹತ್ತಿರದ ಪುನರ್ವಸತಿ ಊರಿನಲ್ಲಿ ಅಕ್ಕನ ಜೊತೆ ಇದ್ದರು. "ಅವ್ವನ ಕಣ್ಣಿನ ನರ ಸೋಲಾಕತ್ತಾವ್ರಿ. ಕಣ್ಣ ಉಳಿಯಂಗಿಲ್ಲ ಅಂದಾರ ಡಾಕ್ಟರು. ಪೂರಾ ಹೋಗೂದ್ರಾಗ ಆಕಿ ಒಂದ್ ಸಲ ಈ ಮನಿ ನೋಡಿ, ಹೌದಪಾ ಅನಬೇಕು," ಎಂದರು. ಅಷ್ಟೇ ಅವರ ಆಸೆ.

ಆದರೆ ಆ ಮನೆಗೆ ನೆರಳೇ ಬೀಳುತ್ತಿರಲಿಲ್ಲ. ಮ್ಯಾಪಿನಲ್ಲಿ ಗೋಡೆ, ಚಾವಣಿ ಸರಿಯಾಗಿ ಕೂಡದೆ ಎಲ್ಲಾದರೂ ಸಣ್ಣ ಸೀಳು ಉಳಿದರೂ ಕಂಪ್ಯೂಟರು ಬೆಳಕಿನ ಲೆಕ್ಕವನ್ನೇ ಹಾಕುವುದಿಲ್ಲ. ಎಲ್ಲ ಕೋಣೆಗಳೂ ನೆತ್ತಿಯ ಬಿಸಿಲಿನಲ್ಲಿ ಇಟ್ಟ ಹಾಗೆ ಬೆಳ್ಳಗಾಗಿಬಿಡುತ್ತವೆ. ಹುಡುಗರ ಮ್ಯಾಪುಗಳ ಸೀಳನ್ನು ಅವರು ಚಿಟಿಕೆ ಹೊಡೆಯುವುದರಲ್ಲಿ ಹುಡುಕಿಕೊಡುತ್ತಿದ್ದರು. ತಮ್ಮ ಮನೆಯ ಸೀಳು ಮಾತ್ರ ತಿಂಗಳುಗಟ್ಟಲೆ ಹಾಗೇ ಇತ್ತು.

ಕಣ್ಣು ಕಾಯುವುದಿಲ್ಲವೆಂದು ಒಂದು ದಿನ ಅವರು ತಾಯಿಯನ್ನು ಹಾಗೆಯೇ ಕರೆತಂದರು. ಮುದುಕಿ ಮೂಗು ತಾಗುವಷ್ಟು ಹತ್ತಿರ ಕೂತು ನೋಡಿದರು. ಕಂಬ ಕಂಡು ನಕ್ಕರು. ಕಂಬಳಿ ಕಂಡು, "ಇದು ಬಲಕ್ಕಿತ್ತಲ್ಲೋ," ಎಂದು ತಿದ್ದಿದರು. ಮಗ ಮೌಸ್ ಸರಿಸಿ ಅಡುಗೆ ಮನೆಯೊಳಗೆ ಕರೆದೊಯ್ದರು. ಒಳಗೆ ಬೆಳ್ಳನೆಯ ಬೆಳಕು. ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದಕ್ಕೆ ಸರಿದರು.

"ಬಿಸಲ ಬಿದ್ದೈತಲ್ಲೋ ಯಪ್ಪಾ. ಮಾಳಗಿ ಮುಚ್ಚೋ."

ಸರ್ ಚಹಾ ತರಲು ಕೆಳಗೆ ಇಳಿದು ಹೋದರು. ನಾನು ಮುದುಕಿಯನ್ನು ಬೆಂಚಿನ ಮೇಲೆ ಕೂರಿಸಿದೆ. ಆಗ ಆಕೆ ಹೇಳಿದರು.

ಊರು ಬಿಡುವಾಗ ಎಲ್ಲರೂ ತಮ್ಮ ತಮ್ಮ ಮನೆಯ ತೊಲೆ, ಜಂತಿ, ಬಾಗಿಲು ಬಿಚ್ಚಿ ಬಂಡಿಗೆ ಹೇರಿಕೊಂಡರು. ಹೊಸ ಮನೆಗೆ ಮರ ಬೇಕಲ್ಲ. ತೊಲೆ ಎತ್ತುವ ಮೊದಲು ಮಾಳಿಗೆಯ ಮೇಲೆ ನಿಂತವನು ಬೆಳಕಿಂಡಿಗೆ ಬಾಯಿ ಇಟ್ಟು ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೂಗಬೇಕು. ಓಣಿಯಲ್ಲೆಲ್ಲ ಅದೇ ಕೂಗು.

"ನನ ಮಗಾನೂ ಕೂಗಿದ್ನವಾ. ನನ್ನ ಕಿವೀಲೇ ಕೇಳೇನಿ. ಅವರಪ್ಪಗ ಕಿವಿ ಮಂದ. ಅಡಗಿ ಮನಿ ತಂಪಿನ್ಯಾಗ ಅಡ್ಡಾಗಿದ್ರು. ಇಂವ ತೊಲಿ ಎತ್ತಿದ. ಮಣ್ಣ ಅವರ ಮ್ಯಾಲ ಕುಸೀತು." ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಂದೂ ಬಿಸಲ ಕಾಣದ ಅಡಗಿ ಮನಿ ಅದು. ಓಡಿ ಹೋಗಿ ನೋಡಿದ್ರ ಒಳಗೆಲ್ಲಾ ಬಿಸಲ ಬಿದ್ದಿತ್ತು," ಎಂದರು.

ಅವರು ಚಹಾ ತಂದರು. ಮೂವರೂ ಕುಡಿದೆವು. ಅವತ್ತು ಸಂಜೆ ಅವರು ಸ್ವಿಚ್ಚಿನ ಮೇಲೆ ಕೈ ಇಟ್ಟು ಕೂಗಿದಾಗ, ಇಷ್ಟು ದಿನ ನಕ್ಕಿದ್ದೆನಲ್ಲ ಎಂದು ಅಳು ಬಂತು. ನಾನೂ ಅವರ ಜೊತೆ ಬಗ್ಗಿ ಟೇಬಲ್ಲುಗಳ ಕೆಳಗೆ ನೋಡಿದೆ.

ಕೆಲವು ದಿನ ಬಿಟ್ಟು ಧೈರ್ಯ ಮಾಡಿ ಕೇಳಿದೆ, "ಸರ, ಆ ಸೀಳು ಎಲ್ಲೈತಿ ಅಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ. ಅಡಗಿ ಮನಿ ಮ್ಯಾಲ, ಎರಡ ತೊಲಿ ನಡುವ."

"ಮತ್ತ ಮುಚ್ರೆಲಾ."

"ಕೈ ಬರವಲ್ದ್ರಿ. ಮುಚ್ಚಿದ್ರ ಒಳಗಿದ್ದಾರು ಒಳಗ ಉಳೀತಾರ."

"ಅದು ಬರೇ ಚಿತ್ರ ಸರ."

"ಚಿತ್ರ ಅಂತ ನನಗ ಗೊತ್ತೈತ್ರಿ ಬಾಯಾರ," ಎಂದು ತಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡರು. "ಈ ಕೈಗೆ ಗೊತ್ತಿಲ್ಲ."

ನಾನೇ ಮುಚ್ಚಿಕೊಡುತ್ತೇನೆ ಎಂದೆ. ಬೇಡವೆಂದರು. ಮಳೆಗಾಲ ಮುಗಿಯುವುದರೊಳಗೆ ತಾವೇ ಮುಚ್ಚುವುದಾಗಿ ಹೇಳಿದರು.

ಆ ಮಳೆಗಾಲದಲ್ಲಿಯೇ ಅವರು ಹೋದರು. ಮುದ್ದೇಬಿಹಾಳದಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದರಂತೆ. ಬಾಗೇವಾಡಿ ಬಂತು, ಎಲ್ಲರೂ ಇಳಿದರು. ಕಂಡಕ್ಟರ್ ಖಾಲಿ ಬಸ್ಸಿನ ಕಡೆ ತಿರುಗಿ ನೋಡಿ, ಯಾರೋ ನಿದ್ದೆ ಹೋಗಿದ್ದಾರೆ ಎಂದುಕೊಂಡು ಎರಡು ಸಲ ಕರೆದನಂತೆ. ಹೃದಯ ನಿಂತಿತ್ತು. ನೋಡಲು ಹೋಗಿದ್ದ ಹುಡುಗನೊಬ್ಬ ಬಂದು, ಕಿಟಕಿಯ ಗಾಜಿನ ಮೇಲೆ ಅವರ ತಲೆಯ ಎಣ್ಣೆಯ ಕಲೆ ಮೂಡಿತ್ತೆಂದು ನನಗೆ ಹೇಳಿದ. ಯಾಕೆ ಹೇಳಿದನೋ. ಇವತ್ತಿಗೂ ಬಸ್ಸಿನ ಕಿಟಕಿಯಲ್ಲಿ ಅಂಥ ಕಲೆ ಕಂಡರೆ ನಾನು ಬೇರೆ ಸೀಟು ಹುಡುಕುತ್ತೇನೆ.

ಅವರ ಕೂಗು ಸೆಂಟರಿನಲ್ಲಿ ಉಳಿಯಿತು. ಮೊದಲು ಹುಡುಗರು ತಮಾಷೆಗೆ ಕೂಗಿದರು. ಆಮೇಲೆ ಸ್ವಿಚ್ಚು ಆರಿಸುವವರು ಯಾರೇ ಇರಲಿ ಕೂಗದೆ ಆರಿಸುತ್ತಿರಲಿಲ್ಲ. ಸಿಂದಗಿಯ ಸೆಂಟರಿನಲ್ಲೂ ಕೂಗುತ್ತಾರೆ ಎಂದು ಕೇಳಿದೆ. ಯಾಕೆಂದು ಅವರಿಗೆ ಗೊತ್ತಿರಲಿಕ್ಕಿಲ್ಲ. ಮಾಲಕರು ಮೂಲೆಯ ಮಷೀನನ್ನು ಅಳಿಸಿ ಮೊದಲಿನಂತೆ ಮಾಡಿಸಬೇಕು ಎಂದಾಗ ನಾನು ಜಗಳ ತೆಗೆದು ನಿಲ್ಲಿಸಿದೆ. ಹುಡುಗರು ಒಮ್ಮೆ ನನ್ನ ಕಣ್ಣು ತಪ್ಪಿಸಿ ಆ ಮನೆ ತೆರೆದರು, ತೆರೆದವರು ತಾವೇ ಮಷೀನು ಬಂದ್ ಮಾಡಿದರು.

"ಅಲ್ಲಿ ಯಾರೋ ಅದಾರ ಅನಸ್ತೈತ್ರಿ ಬಾಯಾರ," ಎಂದ ಒಬ್ಬ.

ಬೈದು ಕಳಿಸಿದೆ. ಆದರೆ ಆ ಮೂಲೆಗೆ ಬೆನ್ನು ಹಾಕಿ ಕೂರಲು ನನಗೂ ಆಗುತ್ತಿರಲಿಲ್ಲ.

ಮುಂದೆ ಚಳಿಗಾಲದಲ್ಲಿ ಒಂದು ಮುಂಜಾನೆ ಅವರ ತಾಯಿ ಬಂದರು, ಮಗಳ ಕೈ ಹಿಡಿದುಕೊಂಡು. ಕಣ್ಣು ಹೋಗಿದ್ದವು. ಬೆಳಕು ಯಾವುದು, ಕತ್ತಲು ಯಾವುದು, ಅಷ್ಟು ಮಾತ್ರ ತಿಳಿಯುತ್ತಿತ್ತು.

"ಮನಿ ತಗಿಯವಾ," ಎಂದರು.

ತೆರೆದೆ. ಅಡುಗೆ ಮನೆಯ ಬೆಳ್ಳನೆಯ ಬೆಳಕು ಅವರ ಮುಖಕ್ಕೆ ಹೊಡೆಯಿತು.

"ಇನ್ನೂ ಬಿಸಲೈತಿ."

"ಮುಚ್ಚಲೇನ್ರಿ ಯವ್ವಾ? ನನಗ ಬರ್ತೈತಿ."

ಮುದುಕಿ ಮಗಳನ್ನು ನೀರು ತರಲು ಹೊರಗೆ ಕಳಿಸಿದರು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಕಡೀಕೊಂದ್ ಸಲ ಮನ್ಯಾಗ ಅಡ್ಡಾಗಿ ಬರ್ತೇನಿ ಅಂತ ಅವರಪ್ಪ ನನಗ ಹೇಳೇ ಒಳಗ ಹೋಗಿದ್ರವಾ. ನಾ ಬಂಡಿ ಕಡೆ ಇದ್ದೆ. ಇಂವ ಮ್ಯಾಲಿಂದ ಕೂಗಿದ್ದು ಕೇಳ್ತು. ಒಳಗ ಅದಾರ ಅಂತ ನಾ ಅನಬೇಕಾಗಿತ್ತು. ಅವರೇ ಓ ಅಂತಾರ ಅಂತ ಬಿಟ್ಟೆ." ಅವರ ಹಿಡಿತ ಬಿಗಿಯಾಯಿತು. "ಮಗ ಕಡೀತನಕ ತನ್ನ ತಪ್ಪಂತ ತಿಳ್ಕೊಂಡ ಹ್ವಾದ. ನಾ ಹೇಳಲಿಲ್ಲ. ನನ್ನ ಬಾಯಿಗೆ ಬರಲಿಲ್ಲ."

ನಾನು ಅವರ ಕೈಯ ಮೇಲೆ ನನ್ನ ಇನ್ನೊಂದು ಕೈ ಇಟ್ಟೆ.

"ಮುಚ್ಚವಾ," ಎಂದರು.

ಎರಡು ತೊಲೆಗಳ ನಡುವೆ ಒಂದು ಹಲಗೆಯಷ್ಟು ಜಾಗ. ಅದನ್ನು ಮುಚ್ಚಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆಳಕಿನ ಲೆಕ್ಕಕ್ಕೆ ಹಚ್ಚಿದೆ. ಮುದುಕಿ ಬೆಂಚಿನ ಮೇಲೆ ಕೂತೇ ಕಾದರು. ಮಧ್ಯಾಹ್ನ ಗಂಟು ಬಿಚ್ಚಿ, ರೊಟ್ಟಿ ಶೇಂಗಾ ಹಿಂಡಿ ತೆಗೆದು, ನನಗೂ ಅರ್ಧ ಕೊಟ್ಟರು. ಹುಡುಗರು ಬಂದವರು ಆಟ ಆಡದೆ ವಾಪಸು ಹೋದರು.

ಸಂಜೆಗೆ ಲೆಕ್ಕ ಮುಗಿಯಿತು. ಅವರನ್ನು ಮಷೀನಿನ ಮುಂದೆ ಕೂರಿಸಿ ಮನೆ ತೆರೆದೆ. ಮೊಟ್ಟಮೊದಲ ಸಲ ಆ ಮನೆಗೆ ನೆರಳು ಬಿದ್ದಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲು ಪಡಸಾಲೆಯ ನೆಲದ ಮೇಲೆ ಒಂದು ತಟ್ಟೆಯಷ್ಟು ಬಿದ್ದಿತ್ತು. ಕಂಬದ ನೆರಳು ನೀಲಿಯಾಗಿತ್ತು. ಅದನ್ನು ದಾಟಿ ಅಡುಗೆ ಮನೆಯೊಳಗೆ ಹೋದೆ. ಅಲ್ಲಿ ಕತ್ತಲೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮುದುಕಿ ಮುಖ ಮುಂದೆ ಚಾಚಿದರು. ಬೆಳಕು ಬರಲಿಲ್ಲ.

"ಹಾಂ," ಎಂದರು. "ಇದ ನೋಡು ನಮ್ಮನಿ."

ಬೆರಳಿನಿಂದ ಪರದೆ ಮುಟ್ಟಿದರು. "ಇಲ್ಲಿ ಒಲಿ. ಇಲ್ಲಿ ರೊಟ್ಟಿ ಬುಟ್ಟಿ. ಇಲ್ಲಿ ತಂಪ ಇರ್ತಿತ್ತು, ಬ್ಯಾಸಿಗ್ಯಾಗ ಅವರು ಬಂದು ಇಲ್ಲೇ ಅಡ್ಡಾಗ್ತಿದ್ರು." ಕಣ್ಣಿದ್ದ ನನಗೆ ಅದರಲ್ಲಿ ಒಂದೂ ಕಾಣಲಿಲ್ಲ. ಅವರ ಬೆರಳು ಕೊನೆಯ ಜಾಗದಲ್ಲಿಯೇ ನಿಂತಿತ್ತು.

ನಿಡಗುಂದಿಯ ಬಸ್ಸಿನ ಹೊತ್ತಾಯಿತೆಂದು ಮಗಳು ಅವಸರ ಮಾಡಿದಳು. ನಾನೂ ಬಾಗಿಲು ಹಾಕಬೇಕಾಗಿತ್ತು. ಎದ್ದು ಹೋಗಿ ಮೇನ್ ಸ್ವಿಚ್ಚಿನ ಮೇಲೆ ಕೈ ಇಟ್ಟೆ. ದಿನದ ರೂಢಿ, ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು.

"ಒಳಗ ಯಾರರ ಅದೀರೇನು?"

ಮುದುಕಿ ಆ ಕತ್ತಲೆಯಿಂದ ಮುಖ ತಿರುಗಿಸಲಿಲ್ಲ.

"ಅದಾರವ್ವ," ಎಂದರು, ಆ ಚಿಕ್ಕ ಮೈಯಿಂದ ಅಷ್ಟು ಗಟ್ಟಿ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. "ತಂದಿ ಮಗ ಇಬ್ರೂ ಅದಾರ. ತಡಿ."

ನಾನು ಸ್ವಿಚ್ಚಿನಿಂದ ಕೈ ತೆಗೆದೆ.